ತೊಂಬತ್ತು ಆಸನಗಳ ಕೋಣೆಯಲ್ಲಿ ಒಂದು ಜನವರಿ ರಾತ್ರಿ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದ ಗ್ರೀನ್ ಹಿಲ್ಸ್ ಬಡಾವಣೆಯ ಒಂದು ಸಾಧಾರಣ ಅಂಗಡಿಸಾಲು. ಹೊಸಬರು ಎರಡು ಸಲ ಕಾರು ತಿರುಗಿಸಿಕೊಂಡು ಬಂದ ಮೇಲೆಯೇ ಈ ನೀಲಿ ಮುಂಗಟ್ಟು ಅವರ ಕಣ್ಣಿಗೆ ಬೀಳುತ್ತದೆ. ಇದರ ಹೆಸರು ಬ್ಲೂಬರ್ಡ್ ಕೆಫೆ, ಹಾಡು ಬರೆದವರೇ ಕುಳಿತು ತಮ್ಮ ಹಾಡುಗಳನ್ನು ಹಾಡುವ ಜಾಗ. ಈ ವಿಡಿಯೊದಲ್ಲಿ ನಿಮಗೆ ಒಂದು ಹಾಡೂ ಕೇಳಿಸುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದಿನ ಆ ಜನವರಿ ರಾತ್ರಿ ಒಳಗೆ ಕಾಲಿಟ್ಟ ಕೂಡಲೇ ಕ್ಯಾಮೆರಾವನ್ನೂ ಫೋನನ್ನೂ ಚೀಲದೊಳಗೆ ಹಾಕಿದ್ದೆ, ಹೊರಗೆ ಬರುವವರೆಗೆ ತೆಗೆಯಲಿಲ್ಲ. ಆದ್ದರಿಂದ ನಿಮಗೆ ತೋರಿಸಲು ನನ್ನಲ್ಲಿರುವುದು ಈ ಬಾಗಿಲು, ಈ ವಾಹನ ನಿಲುಗಡೆಯ ಜಾಗ ಮತ್ತು ನನ್ನ ನೆನಪು, ಇಷ್ಟೇ.

ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವರು ನಮ್ಮ ಪಕ್ಕದ ಮನೆಯ ಹಿರಿಯರು. ಇಲ್ಲಿಗೆ ಬಂದು ಹತ್ತು ವರ್ಷ ಕಳೆದರೂ ಎಂಬತ್ತು ದಾಟಿದವರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಪ್ಪುವುದಿಲ್ಲ. ಅವರೆದುರು ಹೆಸರನ್ನೇ ಹೇಳದೆ ಮಾತು ಮುಗಿಸುವ ಉಪಾಯ ಕಲಿತಿದ್ದೇನೆ. ಅವರ ಹೆಂಡತಿ ಕೊನೆಯ ಏಳು ವಾರಗಳನ್ನು ಅಲೈವ್ ಹಾಸ್ಪಿಸ್ ಎಂಬ ಸಂಸ್ಥೆಯ ಆರೈಕೆಯಲ್ಲಿ, ತಮ್ಮ ಮನೆಯ ಮುಂಗೋಣೆಯಲ್ಲೇ ಕಳೆದರು. 1975ರಲ್ಲಿ ನ್ಯಾಶ್‌ವಿಲ್‌ನಲ್ಲಿ ಆರಂಭವಾದ ಈ ಲಾಭರಹಿತ ಸಂಸ್ಥೆ, ಗುಣವಾಗುವ ಆಸೆ ಉಳಿಯದ ರೋಗಿಗಳ ನೋವನ್ನು ತಗ್ಗಿಸಿ ಅವರ ಮನೆಯವರ ಬೆನ್ನಿಗೆ ನಿಲ್ಲುವ ಕೆಲಸ ಮಾಡುತ್ತ ಬಂದಿದೆ. ಬೆಂಗಳೂರಿನ ಕರುಣಾಶ್ರಯವನ್ನು ಬಲ್ಲವರಿಗೆ ಇದು ಎಂಥ ಕೆಲಸವೆಂದು ವಿವರಿಸಬೇಕಾಗಿಲ್ಲ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ರೋಗ ತನ್ನ ಸಹಜ ಗತಿಯಲ್ಲಿ ಸಾಗಿದರೆ ಆಯುಸ್ಸು ಆರು ತಿಂಗಳಿಗಿಂತ ಹೆಚ್ಚಿಲ್ಲವೆಂದು ವೈದ್ಯರು ಬರೆದುಕೊಟ್ಟಾಗ ಈ ಆರೈಕೆಯ ಖರ್ಚನ್ನು ಭರಿಸುತ್ತದೆ. ಆದರೆ ವಿಮೆಯೇ ಇಲ್ಲದವರಿದ್ದಾರೆ. ಸಾವಿನ ನಂತರ ಮಕ್ಕಳಿಗೂ ಸಂಗಾತಿಗೂ ಬೇಕಾಗುವ ಸಾಂತ್ವನವಿದೆ. ಅಂಥದ್ದಕ್ಕೆಲ್ಲ ಹಣ ಜನರಿಂದಲೇ ಬರಬೇಕು. ಅದಕ್ಕಾಗಿ ಜನವರಿಯಲ್ಲಿ ಈ ಕೆಫೆಯಲ್ಲಿ 'ಅಲೈವ್ ಅಟ್ ದ ಬ್ಲೂಬರ್ಡ್' ಎಂಬ ಸಂಗೀತ ಕಛೇರಿಗಳ ಸಾಲನ್ನು ಏರ್ಪಡಿಸುವ ಪದ್ಧತಿ ಬೆಳೆದುಬಂತು. ನಾವು ಹೋದದ್ದು ಆ ಸಾಲಿನ ಒಂದು ರಾತ್ರಿಗೆ. ಹಾಡುವವರು ಸಂಭಾವನೆ ಪಡೆಯದೆ ಹಾಡುತ್ತಾರೆ ಎಂದು ಪಕ್ಕದ ಮನೆಯವರು ದಾರಿಯಲ್ಲಿ ಹೇಳಿದರು.

ಏಮಿ ಕರ್ಲೆಂಡ್ ಎಂಬುವರು 1982ರಲ್ಲಿ ಈ ಕೆಫೆಯನ್ನು ತೆರೆದಾಗ ಅವರ ಮನಸ್ಸಿನಲ್ಲಿದ್ದದ್ದು ಊಟದ ಹೋಟೆಲು. ಸಂಗೀತ ಅದರ ಪಕ್ಕವಾದ್ಯವಾಗಬೇಕಿತ್ತು. ಬಲುಬೇಗ ಲೆಕ್ಕ ತಲೆಕೆಳಗಾಯಿತು. 2008ರಿಂದ ಕೆಫೆಯ ಒಡೆತನ ಗೀತರಚನಕಾರರದೇ ಸಂಘವೊಂದರ ಕೈಯಲ್ಲಿದೆ. ಒಳಗೆ ಹಿಡಿಸುವುದು ಸುಮಾರು ತೊಂಬತ್ತು ಜನ. ಒಂದು ಬದಿಗೆ ಇಗರ್ಜಿಯಲ್ಲಿರುವಂಥ ಉದ್ದನೆಯ ಮರದ ಬೆಂಚುಗಳು, ಉಳಿದಂತೆ ಎರಡು ತಟ್ಟೆ ಇಟ್ಟರೆ ಮೂರನೆಯದಕ್ಕೆ ಜಾಗವಿಲ್ಲದ ಪುಟ್ಟ ಮೇಜುಗಳು, ಗೋಡೆಯ ತುಂಬ ಹಾಡಿ ಹೋದವರ ಸಹಿ ಮಾಡಿದ ಭಾವಚಿತ್ರಗಳು. 2012ರಲ್ಲಿ ಆರಂಭವಾದ ಒಂದು ಟಿವಿ ಧಾರಾವಾಹಿ ಈ ಕೋಣೆಯನ್ನು ಯಥಾವತ್ತಾಗಿ ಮರುಸೃಷ್ಟಿಸಿ ತೋರಿಸಿದ ಮೇಲೆ ಪ್ರವಾಸಿಗರ ದಟ್ಟಣೆ ಹೆಚ್ಚಿ, ಟಿಕೆಟ್ಟು ಸಿಗುವುದು ಹಬ್ಬದ ಹಿಂದಿನ ದಿನ ಊರ ಬಸ್ಸಿನಲ್ಲಿ ಸೀಟು ಸಿಕ್ಕಷ್ಟೇ ಅಪರೂಪವಾಗಿದೆ.

ಇಲ್ಲಿನ ಮುಖ್ಯ ವಿಶೇಷವೆಂದರೆ ಹಾಡುವವರು ವೇದಿಕೆಯ ಮೇಲೆ ಇರುವುದಿಲ್ಲ. ಡಾನ್ ಶ್ಲಿಟ್ಜ್, ಟಾಮ್ ಸ್ಕೈಲರ್, ಫ್ರೆಡ್ ನಾಬ್ಲಾಕ್ ಮತ್ತು ಪಾಲ್ ಓವರ್‌ಸ್ಟ್ರೀಟ್ ಎಂಬ ನಾಲ್ವರು ಗೀತರಚನಕಾರರು 1985ರಲ್ಲಿ ವೇದಿಕೆಯನ್ನು ಬಿಟ್ಟು ಕೋಣೆಯ ನಟ್ಟನಡುವೆ ಎದುರುಬದುರಾಗಿ ಕುಳಿತು ಸರದಿಯ ಮೇಲೆ ಹಾಡಿದರು. ಅಂದಿನಿಂದ 'ಇನ್ ದ ರೌಂಡ್' ಎಂಬ ಈ ಕ್ರಮವೇ ನ್ಯಾಶ್‌ವಿಲ್‌ನ ಸಂಪ್ರದಾಯವಾಯಿತು. ಒಬ್ಬರು ಹಾಡುವಾಗ ಉಳಿದ ಮೂವರು ಸುಮ್ಮನಿರಬಹುದು, ಮೆಲ್ಲಗೆ ಗಿಟಾರ್ ನುಡಿಸಬಹುದು, ಪಲ್ಲವಿ ಬಂದಾಗ ದನಿಗೂಡಿಸಬಹುದು. ನಾನು ಉತ್ತರ ಕನ್ನಡದವನು. ಆದ್ದರಿಂದ ಆ ನಾಲ್ಕು ಕುರ್ಚಿಗಳನ್ನು ಕಂಡ ಕೂಡಲೇ ನನಗೆ ನೆನಪಾದದ್ದು ತಾಳಮದ್ದಳೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಎದುರಿಗೆ ಕುಳಿತವನ ಮಾತಿನ ಮೇಲೆ ಕಣ್ಣಿಟ್ಟು, ಸಂದು ಸಿಕ್ಕಲ್ಲಿ ಅವನನ್ನು ಕೆಣಕಿ, ಬರೀ ಮಾತಿನ ಬಲದಿಂದಲೇ ರಾತ್ರಿಯನ್ನು ಕಳೆಯಬೇಕು.

ಸದ್ದು ಮಾಡುವವರನ್ನು 'ಶ್' ಎಂದು ಸುಮ್ಮನಾಗಿಸುವುದು ಈ ಕೆಫೆಯ ಪ್ರಸಿದ್ಧ ನಿಯಮ. ಅದನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಕೆಲವೇ ಮೈಲಿ ದೂರದ ಬ್ರಾಡ್‌ವೇ ಬೀದಿಯ ಬಾರುಗಳಲ್ಲಿ ಬಾಗಿಲು ಬಾಗಿಲಿಗೂ ಒಂದೊಂದು ವಾದ್ಯವೃಂದ ಅಬ್ಬರಿಸುತ್ತಿರುವಾಗ, ಇಲ್ಲಿ ಲೋಟದೊಳಗಿನ ಮಂಜುಗಡ್ಡೆ ಜಾರಿದ ಸದ್ದಿಗೆ ನಾಲ್ಕು ಜನ ತಿರುಗಿ ನೋಡುತ್ತಾರೆ. ನಾನು ಕೆಮ್ಮು ತಡೆದುಕೊಳ್ಳಲು ಪಟ್ಟ ಪಾಡನ್ನು ವರ್ಣಿಸುವುದಿಲ್ಲ.

ಆ ರಾತ್ರಿಯ ನಾಲ್ವರಲ್ಲಿ ಒಬ್ಬರು ಅರವತ್ತರ ಆಸುಪಾಸಿನ ಹೆಂಗಸು. ಅವರ ಕುರ್ಚಿಗೂ ನನ್ನ ಮೊಣಕಾಲಿಗೂ ನಡುವೆ ಒಂದು ಮೊಳದ ಅಂತರವಿತ್ತು. ಕಾಫಿ ಲೋಟವನ್ನು ಎರಡೂ ಅಂಗೈಗಳಲ್ಲಿ ಹಿಡಿದು ಬೆರಳು ಬೆಚ್ಚಗೆ ಮಾಡಿಕೊಂಡು, ಗಿಟಾರಿನ ತುದಿಗೆ ಕಚ್ಚಿಸಿಟ್ಟಿದ್ದ ಕ್ಯಾಪೊ ಎಂಬ ಪುಟ್ಟ ಹಿಡಿಕೆಯನ್ನು ತೆಗೆದು, ಶ್ರುತಿ ಏರಿಸುವುದಕ್ಕಾಗಿ ತಂತಿಗಳ ಮೇಲೆ ಎರಡನೆಯ ಮನೆಗೆ ಒತ್ತಿ ಕೂರಿಸಿ, ಒಂದು ಸಲ ಮೀಟಿ, ಮುಖ ಸಿಂಡರಿಸಿ, ಮತ್ತೆ ತುಸು ಸರಿಪಡಿಸಿದರು. ಆಮೇಲೆ ಅವರು ಹಾಡಿದ್ದು ನಾನು ಕಾರಿನ ರೇಡಿಯೊದಲ್ಲಿ ಎಷ್ಟೋ ಸಲ ಕೇಳಿದ್ದ ಹಾಡು: ತಾಯಿ ತೀರಿಕೊಂಡ ಮೇಲೆ ಹುಟ್ಟಿದ ಮನೆಯನ್ನು ಮಾರಲು ಬರುವ ಮಗಳ ಕಥೆ. ರೇಡಿಯೊದಲ್ಲಿ ಅದನ್ನು ಹಾಡಿದ್ದ ತಾರೆಯ ದನಿಯ ಹಿಂದೆ ಡ್ರಮ್ಮೂ ಪಿಟೀಲುಗಳೂ ಇದ್ದವು. ಈಕೆಯ ದನಿ ಅಷ್ಟು ಚೆನ್ನಾಗಿರಲಿಲ್ಲ, ಮೇಲಿನ ಸ್ವರದಲ್ಲಿ ಒಡೆಯುತ್ತಿತ್ತು. ಆದರೂ ಪ್ರತಿ ಮಾತೂ ಎದುರಿಗೆ ಕುಳಿತವರಿಗೆ ಹೇಳಿದ ಸುದ್ದಿಯಂತೆ ಬಂತು. ಎರಡನೆಯ ಚರಣದ ನಡುವೆ ಅವರಿಗೆ ಸಾಲು ಮರೆತುಹೋಯಿತು. ತಂತಿಯ ಮೇಲೆ ಬೆರಳು ಆಡುತ್ತಲೇ ಇತ್ತು, ಬಾಯಿ ನಿಂತಿತು. ಆಗ ಎದುರು ಕುರ್ಚಿಯಲ್ಲಿದ್ದ ಗಡ್ಡದ ಮನುಷ್ಯ, ತನ್ನ ಗಿಟಾರಿನಿಂದ ತಲೆಯೆತ್ತದೆ ಆ ಸಾಲನ್ನು ಮೆಲ್ಲಗೆ ಹೇಳಿಕೊಟ್ಟರು. ಜನ ನಕ್ಕರು; ಆಕೆ ಹಾಡುತ್ತಲೇ ಅವರತ್ತ ತಲೆಯಾಡಿಸಿದರು. ಹಾಡು ಮುಗಿದ ಮೇಲೆ ತಿಳಿಯಿತು, ಅವರಿಬ್ಬರೂ ಸೇರಿ ಕಟ್ಟಿದ ಹಾಡು ಅದು.

ಇಬ್ಬರೋ ಮೂವರೋ ಸೇರಿ ಹಾಡು ಕಟ್ಟುವುದು ಇಲ್ಲಿನ ನಿತ್ಯದ ಉದ್ಯೋಗ. ಮ್ಯೂಸಿಕ್ ರೋ ಎಂಬ ಬೀದಿಗಳ ಚಿಕ್ಕ ಕೋಣೆಗಳಲ್ಲಿ ಬೆಳಗಿನ ಹತ್ತು-ಹನ್ನೊಂದರ ಹೊತ್ತಿಗೆ, ನಾವು ಕಚೇರಿಗೆ ಹೋದಂತೆಯೇ, ಇವರು ಗಿಟಾರ್ ಹಿಡಿದು ಕೂರುತ್ತಾರೆ. ಹಾಗೆ ಹುಟ್ಟಿದ ಹಾಡನ್ನು ಯಾರಾದರೂ ಹೆಸರಾಂತ ಗಾಯಕರು ಧ್ವನಿಮುದ್ರಿಸಿದರೆ ಅದನ್ನು 'ಕಟ್' ಸಿಕ್ಕಿತು ಎನ್ನುತ್ತಾರೆ, ಹೆಚ್ಚಿನವಕ್ಕೆ ಸಿಗುವುದಿಲ್ಲ. ಸಿಕ್ಕರೂ ಲೆಕ್ಕ ವಿಚಿತ್ರ. ಧ್ವನಿಮುದ್ರಿಕೆಯ ಮಾರಾಟವಾದ ಒಂದೊಂದು ಪ್ರತಿಗೆ ಒಂದು ಹಾಡಿಗೆ ಸಲ್ಲಬೇಕಾದ ಶಾಸನಬದ್ಧ ಗೌರವಧನ 2006ರಿಂದ 2022ರವರೆಗೆ 9.1 ಸೆಂಟಿನಲ್ಲೇ ನಿಂತಿತ್ತು. ಅದರಲ್ಲಿ ಅರ್ಧ ಪ್ರಕಾಶಕರಿಗೆ ಹೋಗಿ ಉಳಿದದ್ದನ್ನು ಮೂವರು ಹಂಚಿಕೊಂಡರೆ ತಲೆಗೆ ಒಂದೂವರೆ ಸೆಂಟು. ರೇಡಿಯೊದ ಮಟ್ಟಿಗೆ ಮಾತ್ರ ಅಮೆರಿಕದ ಕಾನೂನು ಇವರ ಕಡೆಗಿದೆ: ಹಾಡು ಪ್ರಸಾರವಾದಾಗ ದುಡ್ಡು ಬರುವುದು ಬರೆದವರಿಗೂ ಪ್ರಕಾಶಕರಿಗೂ, ಹಾಡಿದವರಿಗಲ್ಲ. ಹೀಗಾಗಿ ರೇಡಿಯೊದಲ್ಲಿ ಮೇಲಕ್ಕೇರಿದ ಒಂದು ಹಾಡು ಒಂದು ಮನೆಯ ಸಾಲ ತೀರಿಸಿದ ಉದಾಹರಣೆಗಳಿವೆ. ಮೇಲೆ ಹೇಳಿದ ಡಾನ್ ಶ್ಲಿಟ್ಜ್ 1976ರಲ್ಲಿ 'ದ ಗ್ಯಾಂಬ್ಲರ್' ಬರೆದಾಗ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ರಾತ್ರಿ ಪಾಳಿಯ ಕಂಪ್ಯೂಟರ್ ಆಪರೇಟರ್ ಆಗಿದ್ದ ಇಪ್ಪತ್ತಮೂರರ ಹುಡುಗ. ಎರಡು ವರ್ಷಗಳ ನಂತರ ಕೆನ್ನಿ ರಾಜರ್ಸ್ ಅದನ್ನು ಹಾಡಿದರು. ಜಗತ್ತಿಗೆ ಅದು ಇಂದಿಗೂ ರಾಜರ್ಸ್ ಅವರ ಹಾಡು. ಹೊಟ್ಟೆಪಾಡಿಗೆ ಅದೇ ಬಗೆಯ ಕಂಪ್ಯೂಟರ್ ಕೆಲಸ ಮಾಡುವ ನನಗೆ ಈ ಸಂಗತಿಯ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ.

ನಮ್ಮ ವಚನಕಾರರೂ ದಾಸರೂ ಜಾಣರು. ಅಂಕಿತವನ್ನು ಹಾಡಿನೊಳಗೇ ನೇಯ್ದುಬಿಟ್ಟರು. ನೂರಾರು ವರ್ಷ ಕಳೆದು ಯಾರು ಎಲ್ಲಿ ಹಾಡಿದರೂ ಕೊನೆಗೆ ಆ ಅಂಕಿತವನ್ನು ನುಡಿಯಲೇಬೇಕು. ಕಂಟ್ರಿ ಎಂಬ ಇಲ್ಲಿನ ಜನಪ್ರಿಯ ಶೈಲಿಯ ಹಾಡು ಕಟ್ಟುವವರಿಗೆ ಆ ಅನುಕೂಲವಿಲ್ಲ. ತಮ್ಮದೇ ಬದುಕಿನ ಮನೆ, ತಾಯಿ, ಕುಡಿತ, ವಿಚ್ಛೇದನಗಳನ್ನು ಹಾಡಾಗಿಸಿ, ಅದನ್ನು ಇನ್ನೊಬ್ಬರ ಬಾಯಿಗೆ ಕೊಟ್ಟು, ತಾವು ಹಿಂದೆ ಸರಿಯುತ್ತಾರೆ. ಈ ಕೋಣೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ: ಇಲ್ಲಿ ಹಾಡು ಒಂದು ರಾತ್ರಿಯ ಮಟ್ಟಿಗೆ ತವರಿಗೆ ಬರುತ್ತದೆ. ಎಲ್ಲವೂ ಹಾಗೆ ಕಾದು ಕೇಳುವಂಥ ಹಾಡುಗಳಲ್ಲ, ಅದನ್ನೂ ಹೇಳಬೇಕು. ನಾಲ್ವರಲ್ಲಿ ಕಿರಿಯನು ಹಾಡಿದ ಮೂರರಲ್ಲಿ ಎರಡು, ಟ್ರಕ್ಕು ಮತ್ತು ಬಿಯರಿನ ಸುತ್ತ ಸುತ್ತುವ ಸಿದ್ಧ ಸರಕು. ಗಿಟಾರ್ ಒಂದೇ ಇದ್ದದ್ದರಿಂದ ಅವುಗಳ ಟೊಳ್ಳು ಇನ್ನಷ್ಟು ಎದ್ದು ಕಂಡಿತು.

ನಡುವೆ ಬಿಡುವಿನ ಹೊತ್ತಿಗೆ ಹಾಸ್ಪಿಸ್‌ನ ದಾದಿಯೊಬ್ಬರು ಎದ್ದು ನಿಂತು ಎರಡು ನಿಮಿಷ ಮಾತನಾಡಿದರು. ಅಂಕಿ-ಅಂಶ ಹೇಳಲಿಲ್ಲ, ಕಣ್ಣೀರಿಗೆ ಕೈ ಹಾಕಲಿಲ್ಲ. ರಾತ್ರಿ ಮೂರಕ್ಕೆ ಫೋನು ಬಂದಾಗ ಎತ್ತುವವರು ಒಬ್ಬರು ಇರಬೇಕಲ್ಲ, ಆ ಕೆಲಸ ತಮ್ಮದೆಂದಷ್ಟೇ ಹೇಳಿ ಕುಳಿತರು. ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಬಿಳಿಯ ಲಕೋಟೆಗಳಿದ್ದವು. ಪಕ್ಕದ ಮನೆಯವರು ಕೋಟಿನ ಒಳಜೇಬಿನಿಂದ ಚೆಕ್ಕು ತೆಗೆದರು. ಅದನ್ನು ಮನೆಯಲ್ಲೇ ಬರೆದು ಎರಡಾಗಿ ಮಡಚಿ ತಂದಿದ್ದರು. ಮಡಿಕೆಯನ್ನು ಹೆಬ್ಬೆರಳಿನಿಂದ ನೀವಿ ಸಪಾಟು ಮಾಡಿ ಲಕೋಟೆಗೆ ಹಾಕಿ, ಅಂಟಿಸದೆಯೇ ಇಟ್ಟರು. ಅವರ ಹೆಂಡತಿಯ ಮಂಚದ ಪಕ್ಕ ಯಾವ ಹಾಡು ಕೇಳುತ್ತಿತ್ತೆಂದು ನನಗೆ ಗೊತ್ತಿತ್ತು. ಗೋಡೆಗೆ ಗೋಡೆ ತಾಗಿದ ಮನೆ. ಆ ರಾತ್ರಿ ಯಾರೂ ಅದನ್ನು ಹಾಡಲಿಲ್ಲ. ಹಾಡದಿದ್ದದ್ದೇ ಒಳ್ಳೆಯದಾಯಿತೇನೋ.

ಕಛೇರಿ ಮುಗಿದಾಗ ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಈಗ ನೀವು ನೋಡುತ್ತಿರುವ ಇದೇ ಜಾಗದಲ್ಲಿ, ಆ ದೀಪದ ಕಂಬದ ಕೆಳಗೆ, ಕಾಫಿ ಲೋಟದ ಹೆಂಗಸೂ ಗಡ್ಡದ ಮನುಷ್ಯನೂ ಒಂದು ಹಳೆಯ ಕಾರಿನ ಡಿಕ್ಕಿ ತೆರೆದಿಟ್ಟುಕೊಂಡು ನಿಂತಿದ್ದರು. ಗಿಟಾರಿನ ಪೆಟ್ಟಿಗೆ ಅರ್ಧ ಒಳಗೆ, ಅರ್ಧ ಹೊರಗೆ. ನಾವು ಪಕ್ಕದಲ್ಲಿ ಹಾದುಹೋಗುವಾಗ ಮರೆತುಹೋದ ಆ ಸಾಲಿನ ಬಗೆಗೇ ಜಗಳ ನಡೆದಿತ್ತು: ಮಗಳು ಬಂದಾಗ ಜಗುಲಿಯ ದೀಪ ಉರಿಯುತ್ತಲೇ ಇತ್ತೋ, ತಾಯಿಯೇ ಉರಿಯಬಿಟ್ಟಿದ್ದಳೋ ಎಂದು. ಹಾಡು ಧ್ವನಿಮುದ್ರಣಗೊಂಡು ಇಪ್ಪತ್ತು ವರ್ಷವಾಗಿತ್ತು. ತಾಯಿಯೇ ಉರಿಯಬಿಟ್ಟಿದ್ದಳು ಎಂದು ಆಕೆ ಹಟ ಹಿಡಿದಿದ್ದರು. ನಾವು ಕಾರು ಹತ್ತಿ ಹೀಟರ್ ಹಾಕಿ, ಗಾಜಿನ ಮೇಲಿನ ಮಂಜು ಕರಗುವವರೆಗೆ ಕಾದು ಹೊರಟಾಗಲೂ ಡಿಕ್ಕಿ ಮುಚ್ಚಿರಲಿಲ್ಲ.