10×12 ಅಡಿಯ ರೂಮಿಗೆ ಎಷ್ಟು ವ್ಯಾಟ್‌ನ ಆಂಪ್ಲಿಫೈಯರ್ ಬೇಕು?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಸ್ಪೀಕರ್ ನುಡಿಸುವ ಆಂಪ್ಲಿಫೈಯರ್ ಕೇಳಿದರೆ ಮೊದಲು ಎದುರಾಗುವ ಪ್ರಶ್ನೆ, "ಎಷ್ಟು ವ್ಯಾಟ್ ಬೇಕು ಸಾರ್?" ಉತ್ತರ ನಮ್ಮ ಹತ್ತಿರ ಸಿದ್ಧವಿಲ್ಲದಿದ್ದರೆ ಮಾತು 50ರಿಂದ 100ಕ್ಕೆ, 100ರಿಂದ 300ಕ್ಕೆ ಏರುತ್ತದೆ, ಬಜೆಟ್ಟೂ ಹಿಂದೆಯೇ ಏರುತ್ತದೆ. ಇವತ್ತು ಆ ಉತ್ತರವನ್ನು ಲೆಕ್ಕ ಹಾಕಿಯೇ ತೆಗೆಯೋಣ. ಲೆಕ್ಕಕ್ಕೆ ತೆಗೆದುಕೊಳ್ಳುವ ಕೋಣೆ ಬೆಂಗಳೂರಿನ ಮಾಮೂಲಿ ರೂಮು: 10 ಅಡಿ ಅಗಲ, 12 ಅಡಿ ಉದ್ದ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಗೋಡೆಯ ಆಚೆ ಪಕ್ಕದ ಮನೆಯವರ ಮಲಗುವ ಕೋಣೆ.

ಸ್ಪೀಕರಿನ ವಿವರದಲ್ಲಿ ಸೆನ್ಸಿಟಿವಿಟಿ ಎಂಬ ಸಂಖ್ಯೆ ಇರುತ್ತದೆ. ಎಂಟು ಓಮ್‌ನ ಸ್ಪೀಕರಿಗೆ 86 ಡೆಸಿಬೆಲ್ ಎಂದಿದ್ದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಸದ್ದು ಬರುತ್ತದೆ ಎಂದರ್ಥ. ನಾವು ಕೂರುವುದು ಸುಮಾರು ಎರಡು ಮೀಟರ್ ದೂರದಲ್ಲಿ. ಬಯಲಾಗಿದ್ದರೆ ಅಷ್ಟು ದೂರಕ್ಕೆ 6 ಡೆಸಿಬೆಲ್ ಇಳಿಯುತ್ತಿತ್ತು. ಗೋಡೆಗಳು ಸದ್ದನ್ನು ಮರಳಿಸುವುದರಿಂದ ಕೋಣೆಯೊಳಗೆ ಅಷ್ಟು ಇಳಿಯುವುದಿಲ್ಲ. ಎರಡು ಸ್ಪೀಕರ್ ಇರುವುದರಿಂದ 3 ಡೆಸಿಬೆಲ್ ಕೂಡುತ್ತದೆ. ಎಲ್ಲ ಸೇರಿಸಿ ಕಳೆದರೆ, ಚಾನೆಲ್‌ಗೆ (ಎಡ, ಬಲ ಒಂದೊಂದು ಕಡೆಗೆ) ಒಂದೊಂದೇ ವ್ಯಾಟ್ ಕೊಟ್ಟಾಗ ನೀವು ಕೂತ ಜಾಗದಲ್ಲಿ 84 ಡೆಸಿಬೆಲ್ ಆಸುಪಾಸು ಸಿಗುತ್ತದೆ. ಇಬ್ಬರು ಎದುರುಬದುರು ಮಾತಾಡುವ ಸದ್ದು 60 ಡೆಸಿಬೆಲ್ ಸುಮಾರು. ಹಾಗಾಗಿ 84 ಅಂದರೆ ಆ ರೂಮಿನಲ್ಲಿ ಮಾತು ಕೇಳಿಸಬೇಕಾದರೆ ದನಿ ಎತ್ತಬೇಕಾಗುತ್ತದೆ.

ನೆಮ್ಮದಿಯಾಗಿ ಹಾಡು ಕೇಳುವ ಮಟ್ಟ 70ರಿಂದ 75. ಅದಕ್ಕೆ ಹಿಡಿಯುವುದು ವ್ಯಾಟ್‌ನ ಹತ್ತನೇ ಒಂದು ಭಾಗ. ಹಾಗಾದರೆ ಉಳಿದ ವ್ಯಾಟ್ ಯಾಕೆ? ಮೃದಂಗದ ಒಂದು ಪೆಟ್ಟು, ತಬಲಾದ ಒಂದು ಥಾಪ್ ಸರಾಸರಿ ಮಟ್ಟಕ್ಕಿಂತ 15–20 ಡೆಸಿಬೆಲ್ ಮೇಲೆ ಜಿಗಿಯುತ್ತದೆ. 75ರ ಮೇಲೆ 20 ಅಂದರೆ 95. ಅಲ್ಲಿಗೆ ಮುಟ್ಟಲು 84ರಿಂದ ಇನ್ನು 11 ಡೆಸಿಬೆಲ್ ಬೇಕು, ಅಂದರೆ 12–13 ವ್ಯಾಟ್. ನಿಮ್ಮದು ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಆಗಿ ಸೆನ್ಸಿಟಿವಿಟಿ 82 ಮಾತ್ರ ಇದ್ದರೆ ಇದರ ಎರಡೂವರೆ ಪಟ್ಟು, ಸುಮಾರು 32 ವ್ಯಾಟ್. ಅಷ್ಟೇ. ಎಂಟು ಓಮ್‌ಗೆ ಶುದ್ಧವಾಗಿ 30ರಿಂದ 40 ವ್ಯಾಟ್ ಕೊಡುವ ಆಂಪ್ಲಿಫೈಯರ್ ಈ ಕೋಣೆಗೆ ಧಾರಾಳ. 50ರ ಬದಲು 100 ವ್ಯಾಟ್ ಕೊಂಡರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ; ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ವ್ಯಾಟ್ ಹತ್ತು ಪಟ್ಟಾಗಬೇಕು.

ಈಗ ಡಬ್ಬದ ಮೇಲಿನ ಸಂಖ್ಯೆಗೆ ಬರೋಣ. ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ಪವರ್ ಎಂಬ ಜಾಹೀರಾತಿನ ಲೆಕ್ಕ) ಎಂದು ಬರೆದಿದ್ದರೆ ಆ ಸಂಖ್ಯೆಯನ್ನು ಪೂರ್ತಿ ಮರೆತುಬಿಡಿ. ಆರ್‌ಎಂಎಸ್ (ಬಿಡದೆ ಕೊಡಬಲ್ಲ ಪವರ್) ಎಂದಿದ್ದರೂ ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ದನಿ ಎಷ್ಟು ಕೆಡುತ್ತದೆ ಎಂಬ ಅಳತೆ) ಎಂದು ಕೇಳಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ಅಗ್ಗದ ಕ್ಲಾಸ್ ಡಿ (ಟ್ರಾನ್ಸಿಸ್ಟರನ್ನು ವೇಗವಾಗಿ ಆನ್–ಆಫ್ ಮಾಡಿ ನಡೆಯುವ, ಕಡಿಮೆ ಬಿಸಿಯಾಗುವ) ಆಂಪ್‌ಗಳಲ್ಲಿ ಎಲ್ಲೆಲ್ಲೂ ಇದೆ. "50 ವ್ಯಾಟ್ + 50 ವ್ಯಾಟ್" ಎಂಬ ಅದರ ಸಂಖ್ಯೆ ನಾಲ್ಕು ಓಮ್‌ಗೆ, 21 ವೋಲ್ಟ್ ಸಪ್ಲೈಗೆ, ಶೇ. 10ರಷ್ಟು ಡಿಸ್ಟಾರ್ಷನ್‌ಗೆ ಸೇರಿದ್ದು. ಶೇ. 10 ಅಂದರೆ ದನಿ ಒಡೆದು ಕೇಳುವ ಹಂತ. ಶೇ. 1ಕ್ಕೆ ಇಳಿಸಿದರೆ ಅದು 40 ವ್ಯಾಟ್ ಸುಮಾರು, ಎಂಟು ಓಮ್‌ನ ಸ್ಪೀಕರ್ ಹಾಕಿದರೆ ಅದರ ಅರ್ಧದ ಆಸುಪಾಸು.

ಇನ್ನೂ ಸುಲಭದ ಪರೀಕ್ಷೆಯೊಂದಿದೆ, ಅಂಗಡಿಯಲ್ಲೇ ನಿಂತು ಮಾಡಬಹುದು. ಇಂಥ ಪುಟ್ಟ ಆಂಪ್‌ಗಳೆಲ್ಲ ಸಾಮಾನ್ಯವಾಗಿ ಬ್ರಿಡ್ಜ್ ಮಾದರಿಯವು, ಅಂದರೆ ಸ್ಪೀಕರಿನ ಎರಡೂ ತಂತಿಗೆ ಸಿಗ್ನಲ್ ಕೊಡುವಂಥವು. ಅವುಗಳಲ್ಲಿ ಅಡಾಪ್ಟರಿನ ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿ. ಬರುವುದೇ ಗರಿಷ್ಠ ಶುದ್ಧ ವ್ಯಾಟ್, ನಷ್ಟ ಕಳೆಯುವ ಮುಂಚೆ. 12 ವೋಲ್ಟ್ ಅಡಾಪ್ಟರ್, ಎಂಟು ಓಮ್: 144 ಭಾಗಿಸು 16, ಒಂಬತ್ತು ವ್ಯಾಟ್. 19 ವೋಲ್ಟ್‌ನ ಲ್ಯಾಪ್‌ಟಾಪ್ ಅಡಾಪ್ಟರ್: 22. 24 ವೋಲ್ಟ್: 36, ಕೈಗೆ ಸಿಗುವುದು 30. ಟಿಪಿಎ3255 ಚಿಪ್ ಇರುವ ದೊಡ್ಡ ಆಂಪ್‌ಗಳ ಮೇಲೆ 300 ವ್ಯಾಟ್ ಎಂದಿರುತ್ತದೆ. ಜತೆಗೆ ಬರುವ ಅಡಾಪ್ಟರ್ 32 ವೋಲ್ಟ್ ಆಗಿದ್ದರೆ ಎಂಟು ಓಮ್‌ಗೆ ಶುದ್ಧವಾಗಿ 64 ವ್ಯಾಟ್ ದಾಟಲು ಸಾಧ್ಯವೇ ಇಲ್ಲ. ಇದು ಆ ಆಂಪಿನ ದೋಷವಲ್ಲ, ಚಿಪ್ ಚೆನ್ನಾಗಿಯೇ ಇದೆ. ಆದರೆ ನೀವು ಹಣ ಕೊಡುತ್ತಿರುವುದು 64ಕ್ಕೆ ಎಂಬುದು ತಿಳಿದಿರಲಿ.

ಕೆಟ್ಟ ಅನುಭವಗಳಲ್ಲಿ ಬಹುಪಾಲು ಹುಟ್ಟುವುದು ಅಡಾಪ್ಟರಿನಲ್ಲಿ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 24 ವೋಲ್ಟ್ ಬರೆದು ಎರಡು ಆಂಪಿಯರ್ ಕೊಡುವ ಅಡಾಪ್ಟರ್ ಹಾಕಿದರೆ ಮೆಲ್ಲಗೆ ಕೇಳುವಾಗ ಏನೂ ಗೊತ್ತಾಗುವುದಿಲ್ಲ. ವಾಲ್ಯೂಮ್ ಏರಿಸಿ ಒಂದು ದೊಡ್ಡ ಬೇಸ್ ಪೆಟ್ಟು ಬಂದ ಕೂಡಲೇ ಅಡಾಪ್ಟರ್ ತನ್ನ ರಕ್ಷಣೆಗೆ ತಾನೇ ಆಫ್ ಆಗುತ್ತದೆ, ಮತ್ತೆ ಆನ್ ಆಗುತ್ತದೆ. ಹಾಡು ಕಟ್ ಕಟ್ ಆಗಿ ಬರುತ್ತದೆ. ಜನ ಆಂಪ್ ಕೆಟ್ಟಿತು ಎಂದು ವಾಪಸ್ ಕೊಡುತ್ತಾರೆ. 24 ವೋಲ್ಟ್‌ಗೆ ಕನಿಷ್ಠ 4 ಆಂಪಿಯರ್ ಇರಲಿ. ಅಡಾಪ್ಟರಿನ ಮೇಲೆ ಬಿಐಎಸ್ ಗುರುತು, ಅದರ ಜತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಪಿನ್ನಿನ ಅಳತೆಯನ್ನೂ ನೋಡಿ: ಹೊರಗಿನ ಸುತ್ತಳತೆ ಒಂದೇ ಕಾಣುತ್ತದೆ, ಒಳಗಿನ ತೂತು ಕೆಲವದಕ್ಕೆ 2.1 ಮಿಲಿಮೀಟರ್, ಕೆಲವದಕ್ಕೆ 2.5. 2.1ರ ಕಡ್ಡಿಯಿರುವ ಸಾಕೆಟ್ಟಿಗೆ 2.5ರ ಪಿನ್ ಸಲೀಸಾಗಿ ಹೋಗುತ್ತದೆ, ಆದರೆ ಒಳಗೆ ಸರಿಯಾಗಿ ತಾಗುವುದಿಲ್ಲ. ಸ್ವಲ್ಪ ಅಲುಗಿದರೆ ಕಿಡಿ, ಬಿಸಿ, ಕರಕರ. ಮತ್ತೆ, 48 ವೋಲ್ಟ್‌ನ ಅಡಾಪ್ಟರನ್ನು ಟಿಪಿಎ3116ರ ಆಂಪ್‌ಗೆ ಚುಚ್ಚಬೇಡಿ. ಆ ಚಿಪ್ಪಿಗೆ 26 ವೋಲ್ಟ್ ಮಿತಿ. ಪಿನ್ ಕೂರುತ್ತದೆ, ಚಿಪ್ ಉಳಿಯುವುದಿಲ್ಲ.

ಚಿಕ್ಕ ಕೋಣೆಯಲ್ಲಿ ನಾವು ಬಹುಹೊತ್ತು ಬಳಸುವುದು ಒಂದು ವ್ಯಾಟ್‌ನ ಒಳಗೇ. ಆದ್ದರಿಂದ ಪರೀಕ್ಷಿಸಬೇಕಾದ್ದು ಆ ಮೊದಲ ವ್ಯಾಟನ್ನು. ಅಂಗಡಿಯ ಗದ್ದಲದಲ್ಲಿ ಇದು ಆಗುವುದಿಲ್ಲ. ಮನೆಗೆ ತಂದು ರಾತ್ರಿ ಫ್ಯಾನ್ ಆರಿಸಿ ಮಾಡಿ. ಏನೂ ನುಡಿಸದೆ ಆಂಪ್ ಆನ್ ಮಾಡಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಟ್ವೀಟರಿಗೆ (ಸ್ಪೀಕರಿನಲ್ಲಿ ಕೀಚಲು ಸ್ವರ ನುಡಿಸುವ ಚಿಕ್ಕ ಭಾಗ) ಕಿವಿ ಹಿಡಿಯಿರಿ. ಸ್ಸ್ಸ್ ಎನ್ನುವ ಸಣ್ಣ ಸದ್ದು ಹತ್ತಿರದಲ್ಲಿ ಕೇಳಿದರೆ ಪರವಾಗಿಲ್ಲ, ಕೂರುವ ಜಾಗಕ್ಕೂ ಕೇಳಿಸಿದರೆ ಆ ಆಂಪ್ ಬೇಡ. ಆಮೇಲೆ ತಂಬೂರಿಯ ಶ್ರುತಿ ಹಾಕಿ. ಮೊಬೈಲಿನಲ್ಲಿ ಶ್ರುತಿಪೆಟ್ಟಿಗೆ ಆ್ಯಪ್ ಇದ್ದರೆ ಸಾಕು. ಎರಡೂ ಕಡೆ ಸಮನಾಗಿ, ನಿಲ್ಲದೆ ಬರುವ ಸದ್ದು ಅದು. ನಾಬನ್ನು ಸೊನ್ನೆಯಿಂದ ಬಹಳ ನಿಧಾನ ತಿರುಗಿಸಿ. ಮೊದಲು ಎಡಗಡೆ ಮಾತ್ರ ಕೇಳಿಸಿ, ಸ್ವಲ್ಪ ಹೊತ್ತಿಗೆ ಬಲಗಡೆ ಸೇರಿಕೊಂಡರೆ ಆ ವಾಲ್ಯೂಮ್ ಪಾಟಿನ (ನಾಬಿನ ಹಿಂದಿನ ಬಿಡಿಭಾಗ) ಎಡಬಲದ ಎರಡು ಪಟ್ಟಿಗಳು ಹೊಂದಿಲ್ಲ. ಅಗ್ಗದ ಆಂಪ್‌ಗಳಲ್ಲಿ ಇದು ತೀರಾ ಸಾಮಾನ್ಯ, ಮತ್ತು ರಾತ್ರಿ ಮೆಲ್ಲಗೆ ಕೇಳುವವರಿಗೆ ದಿನದಿನವೂ ಕಾಡುವ ದೋಷ.

ಇದರ ಹಿಂದೆ ಗೇನ್ (ಒಳಬಂದ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ಅಳತೆ) ಹೆಚ್ಚಾಗಿರುವ ಕಾರಣವೂ ಇರುತ್ತದೆ. ಟಿಪಿಎ3116ಗೆ 20, 26, 32, 36 ಡೆಸಿಬೆಲ್ ಎಂದು ನಾಲ್ಕು ಗೇನ್ ಮಟ್ಟಗಳಿವೆ. ತಯಾರಕರು ಮೇಲಿನದನ್ನು ಆರಿಸಿಬಿಟ್ಟರೆ ನಾಬ್ ಕಾಲುಭಾಗ ತಿರುಗುವಷ್ಟರಲ್ಲಿ ರೂಮು ತುಂಬುತ್ತದೆ. ಅಂಗಡಿಯಲ್ಲಿ "ನೋಡಿ ಎಷ್ಟು ಪವರ್!" ಅನ್ನಿಸುತ್ತದೆ. ಪವರ್ ಅಷ್ಟೇ ಇದೆ, ಗೇನ್ ಮಾತ್ರ ಜಾಸ್ತಿ. ಹಿಸ್ ಸದ್ದೂ ಜತೆಗೇ ಜಾಸ್ತಿ. ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಸಾಧನ) ಅಥವಾ ಸಿಡಿ ಪ್ಲೇಯರಿನಿಂದ ಎರಡು ವೋಲ್ಟ್ ಸಿಗ್ನಲ್ ಬರುವಾಗ 20 ಡೆಸಿಬೆಲ್ ಗೇನ್ ಸಾಕು. ಗೇನ್ ಬದಲಿಸುವ ಸೌಲಭ್ಯ ಇಲ್ಲದಿದ್ದರೆ ಮೊಬೈಲ್ ಅಥವಾ ಪ್ಲೇಯರಿನ ವಾಲ್ಯೂಮನ್ನು ಇಳಿಸಿ, ಆಂಪ್ ನಾಬನ್ನು ನಡುವಿಗೆ ತನ್ನಿ. ಎಡಬಲದ ವ್ಯತ್ಯಾಸ ಬಹುಮಟ್ಟಿಗೆ ಮಾಯವಾಗುತ್ತದೆ.

ಬೇಸ್–ಟ್ರೆಬಲ್ ನಾಬ್ ಇರುವ ಆಂಪನ್ನೇ ಆರಿಸಿ ಎಂದು ಧೈರ್ಯವಾಗಿ ಹೇಳುತ್ತೇನೆ, ಟೋನ್ ಕಂಟ್ರೋಲ್ ಕಂಡರೆ ಮೂಗು ಮುರಿಯುವವರು ಏನೇ ಅನ್ನಲಿ. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ಬೇಸನ್ನು ಮೊದಲು ಕಳೆದುಕೊಳ್ಳುತ್ತದೆ. ಮೆಲ್ಲಗೆ ಕೇಳುವಾಗ ಮೃದಂಗದ ಎಡಗೈ ಪೆಟ್ಟು ತೆಳುವಾಗಿ ಕೇಳುವುದು ಅದಕ್ಕೇ. ಬೇಸ್ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಇದಕ್ಕೆ ವಿರುದ್ಧ ಸಮಸ್ಯೆಯೂ ನಮ್ಮ ರೂಮುಗಳಲ್ಲಿದೆ. 12 ಅಡಿ ಅಂತರದ ಗೋಡೆಗಳ ನಡುವೆ 47 ಹರ್ಟ್ಸ್, 10 ಅಡಿ ಅಂತರದ ಗೋಡೆಗಳ ನಡುವೆ 56 ಹರ್ಟ್ಸ್ ಸುಮಾರಿನ ಸ್ವರಗಳು ಉಬ್ಬುತ್ತವೆ. ಛಾವಣಿಯೂ 10 ಅಡಿ ಎತ್ತರವಿದ್ದರೆ 56ರಲ್ಲೇ ಎರಡು ಉಬ್ಬು ಒಂದರ ಮೇಲೊಂದು ಕೂರುತ್ತವೆ. ಜೋರಾಗಿ ಕೇಳುವಾಗ ಬುಂ ಎಂದು ಎಳೆಯುವುದು ಇದೇ. ಸ್ಪೀಕರನ್ನು ಮೂಲೆಯಿಂದ ಒಂದೂವರೆ ಅಡಿಯಾದರೂ ಈಚೆಗೆ ಎಳೆದು, ಬೇಸ್ ಇಳಿಸಿ. ಸಬ್‌ವೂಫರ್ ಕೊಳ್ಳುವ ಯೋಚನೆಯನ್ನು ಇದಾದ ಮೇಲೆ ಮಾಡಿ.

ಇನ್‌ಪುಟ್‌ಗಳ ವಿಷಯ ಚಿಕ್ಕದು. ಟಿವಿಗೆ ಜೋಡಿಸುವುದಾದರೆ ಆಪ್ಟಿಕಲ್ ಇನ್‌ಪುಟ್ ಇರುವ ಆಂಪ್ ತೆಗೆದುಕೊಳ್ಳಿ, ಹೊಸ ಟಿವಿಗಳಲ್ಲಿ ಕೆಂಪು–ಬಿಳಿ ಪಿನ್ ಸಿಗುವುದು ಕಷ್ಟ. ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೊವನ್ನು ಪಿಸಿಎಂ (PCM) ಎಂಬ ಆಯ್ಕೆಗೆ ಬದಲಿಸದಿದ್ದರೆ ಸದ್ದೇ ಬರದೆ ಇರಬಹುದು. ರೆಕಾರ್ಡ್ ಪ್ಲೇಯರ್ ಇದ್ದರೆ ಫೋನೊ ಇನ್‌ಪುಟ್ ಸಾಮಾನ್ಯವಾಗಿ ಬೇಕಾಗುತ್ತದೆ. ಅದರ ಸೂಜಿಯ ಸಿಗ್ನಲ್ ಸುಮಾರು ಐದು ಮಿಲಿವೋಲ್ಟ್ ಮಾತ್ರ, ಸಾಮಾನ್ಯ ಇನ್‌ಪುಟ್ಟಿಗೆ ಹಾಕಿದರೆ ಸೊಳ್ಳೆಯ ದನಿ ಬರುತ್ತದೆ.

ಜೋಡಿಸುವಾಗ ಒಂದು ವಿಷಯದಲ್ಲಿ ಮೈಯೆಲ್ಲ ಎಚ್ಚರ ಇರಬೇಕು. ಬ್ರಿಡ್ಜ್ ಆಂಪ್‌ನಲ್ಲಿ ಸ್ಪೀಕರಿನ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ಅದರಲ್ಲೂ ಸಿಗ್ನಲ್ ಇದೆ. ಎಡಬಲದ ಎರಡು ಕಪ್ಪು ತಂತಿಗಳನ್ನು ಒಂದಕ್ಕೊಂದು ಸೇರಿಸಬಾರದು, ಆಂಪಿನ ಬಾಡಿಗೆ ತಾಗಿಸಬಾರದು. ಹಳೆಯ ಮನೆಗಳಲ್ಲಿ ಪೈಪಿನೊಳಗೆ ಎರಡು ಸ್ಪೀಕರಿಗೆ ಮೂರೇ ತಂತಿ ಎಳೆದು ನೆಗೆಟಿವ್ ಒಂದೇ ಮಾಡಿರುತ್ತಾರೆ. ಅಲ್ಲಿಗೆ ಇಂಥ ಆಂಪ್ ಜೋಡಿಸಿದರೆ ಪ್ರೊಟೆಕ್ಷನ್‌ಗೆ ಹೋಗಿ ಸುಮ್ಮನಾಗುತ್ತದೆ, ಇಲ್ಲವೇ ಸುಡುತ್ತದೆ. ನಾಲ್ಕು ತಂತಿ ಬೇಕು. ತಂತಿಗೆ ದುಬಾರಿ ಹೆಸರು ಬೇಕಿಲ್ಲ: 1.5 ಸ್ಕ್ವೇರ್ ಎಂಎಂನ ತಾಮ್ರದ ತಂತಿ ಮೂರು ಮೀಟರ್ ಎಳೆದರೆ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ 0.07 ಓಮ್, ಎಂಟು ಓಮ್‌ನ ಎದುರು ಲೆಕ್ಕಕ್ಕಿಲ್ಲ. ತುದಿಯ ಎಳೆಗಳನ್ನು ಹೊಸೆದು ಲಗ್ (ತಂತಿಯ ತುದಿಗೆ ಒತ್ತುವ ಲೋಹದ ಟೋಪಿ) ಹಾಕಿ. ಹೊರಗೆ ಇಣುಕುವ ಒಂದೇ ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಿದರೆ ಶಾರ್ಟ್.

ಗುಂಯ್ ಎಂಬ ಹಮ್ ಬಂದರೆ ಆಂಪನ್ನು ಬೈಯುವ ಮೊದಲು ಇನ್‌ಪುಟ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಡಿಶ್ ಅಥವಾ ಕೇಬಲ್ ವೈರ್ ತೆಗೆದಾಗ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಸುತ್ತುವ ಕರೆಂಟಿನ ಸದ್ದು. ಟಿವಿಯಿಂದ ಆಪ್ಟಿಕಲ್‌ನಲ್ಲಿ ತಂದರೆ ಮುಗಿಯಿತು. ಕಂಪ್ಯೂಟರಿನ ಮೌಸ್ ಆಡಿಸಿದಾಗ ಕೀಚ್ ಎಂದರೂ ಇದೇ ಜಾತಿಯ ತೊಂದರೆ. ಮೂರು ಪಿನ್ನಿನ ಪ್ಲಗ್‌ನಿಂದ ಅರ್ತ್ ಕಿತ್ತರೆ ಹಮ್ ನಿಲ್ಲಬಹುದು, ಆದರೆ ಹಾಗೆ ಎಂದೂ ಮಾಡಬೇಡಿ. ಲೋಹದ ಬಾಡಿಗೆ ಕರೆಂಟ್ ಬಂದಾಗ ಕಾಯುವುದು ಆ ಅರ್ತ್. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಕರೆಂಟು ಹೋಗಿ ಯುಪಿಎಸ್‌ಗೆ ಬಂದಾಗ ಮಾತ್ರ ಗೊರಗೊರ ಅಂದರೆ ನಿಮ್ಮ ಯುಪಿಎಸ್ ಸ್ಕ್ವೇರ್ ವೇವ್‌ನದ್ದು; ಆಗ ಆರಿಸಿಡುವುದು ಒಳ್ಳೆಯದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ಗನ್ನೇ ಕಿತ್ತಿಡಿ.

ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲೋ ಪರಿಚಯದವರಿಂದಲೋ ಹಳೆಯ ಕ್ಲಾಸ್ ಎಬಿ (ಕ್ಲಾಸ್ ಡಿಗಿಂತ ಮೊದಲಿನ ಮಾಮೂಲಿ ಮಾದರಿ) ಆಂಪ್ ಸಿಕ್ಕಿದರೆ ಖಂಡಿತ ನೋಡಿ. ಸೋನೋಡೈನ್, ಕಾಸ್ಮಿಕ್‌ನಂಥ ನಮ್ಮ ದೇಶದ ಹಳೆಯ ಪೆಟ್ಟಿಗೆಗಳನ್ನು ಬೀದಿಯ ಮೆಕ್ಯಾನಿಕ್ ಕೂಡ ಬಿಚ್ಚಿ ಸರಿಮಾಡಬಲ್ಲ. ಪುಟ್ಟ ಕ್ಲಾಸ್ ಡಿ ಆಂಪಿನ ಚಿಪ್ ಹೋದರೆ ಹಾಗಿಲ್ಲ. ವಿದೇಶದಿಂದ ಬಂದದ್ದಾದರೆ ಹಿಂದಿನ ಫಲಕದಲ್ಲಿ 110 ವೋಲ್ಟ್ ಎಂದಿದೆಯೇ ಓದಿ. ನಮ್ಮ 230ಕ್ಕೆ ನೇರ ಹಾಕಿದರೆ ಫ್ಯೂಸ್, ಅದೃಷ್ಟ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಸ್ಪೀಕರ್ ಜೋಡಿಸುವ ಮೊದಲು ಮಲ್ಟಿಮೀಟರ್ ಡಿಸಿಗೆ ಇಟ್ಟು ಒಂದೊಂದು ಚಾನೆಲ್‌ನ ಕೆಂಪು–ಕಪ್ಪು ಟರ್ಮಿನಲ್ ನಡುವೆ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ವೋಲ್ಟ್‌ಗಟ್ಟಲೆ ತೋರಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿರುವ ಸಾಧ್ಯತೆ ಹೆಚ್ಚು, ಸ್ಪೀಕರ್ ಹಾಕಿದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ. ನಾಬ್ ತಿರುಗಿಸುವಾಗಿನ ಕರಕರ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುವಂಥದ್ದು, ಅದಕ್ಕೆ ಹೆದರಬೇಕಿಲ್ಲ.

ಬರೀ ಬೋರ್ಡ್ ಕೊಂಡು ಪೆಟ್ಟಿಗೆ ಮಾಡಿಕೊಳ್ಳುವವರು ಹೀಟ್‌ಸಿಂಕ್ ಕಡೆ ನೋಡಿ. ಟಿಪಿಎ3116ರ ಬಿಸಿ ಹೊರಬರುವ ಲೋಹದ ಪಟ್ಟಿ ಚಿಪ್ಪಿನ ಮೇಲ್ಗಡೆ ಇದೆ, ಟಿಪಿಎ3118ರದ್ದು ಕೆಳಗಡೆ, ಬೋರ್ಡಿಗೆ ಅಂಟಿಕೊಂಡು. 3118ರ ತಲೆಯ ಮೇಲೆ ಹೀಟ್‌ಸಿಂಕ್ ಅಂಟಿಸಿ 3116 ಎಂದು ಮಾರಿದರೆ ಆ ಅಲ್ಯೂಮಿನಿಯಂ ಬಹುಮಟ್ಟಿಗೆ ಅಲಂಕಾರ.

ಹಣ ಹಂಚುವ ಬಗ್ಗೆ ಕೇಳಿದರೆ: ಕೈಯಲ್ಲಿ 20,000 ರೂಪಾಯಿ ಇದ್ದರೆ 12,000 ಸ್ಪೀಕರಿಗೆ ಎತ್ತಿಡಿ, ಆರೇಳು ಸಾವಿರ ಆಂಪ್ ಮತ್ತು ಒಳ್ಳೆಯ ಅಡಾಪ್ಟರಿಗೆ, ಉಳಿದದ್ದು ತಂತಿ ಮತ್ತು ಸ್ಟ್ಯಾಂಡಿಗೆ. ಆಂಪ್ ಮನೆಗೆ ಬಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ನೀವು ಕೇಳುವ ಮಟ್ಟಕ್ಕಿಂತ ಸ್ವಲ್ಪ ಜೋರಾಗಿ ಎರಡು ಗಂಟೆ ಬಿಡದೆ ನುಡಿಸಿ, ಆಮೇಲೆ ಆಂಪ್ ಮತ್ತು ಅಡಾಪ್ಟರ್ ಎರಡನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಬಿಲ್ಲು, ಡಬ್ಬ ಸಮೇತ ಮರುದಿನವೇ ಹಿಂತಿರುಗಿಸಿ.