ಮಿಕ್ಸಿ ಕಾರ್ಡ್ ಕಾಣೆಯಾಗಿದೆ

ಬೆಳಗ್ಗೆ ಆರೂವರೆ. ಇದು ಮಂಡ್ಯ ಸ್ಟೇಷನ್. ಅಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದಾನಲ್ಲ, ಅವನೇ ನನ್ನ ಮಗ. ನಾಲ್ಕು ವರ್ಷ. ರೈಲು ಹಾರ್ನ್ ಹೊಡೆಯುವ ಮೊದಲೇ ಮುಚ್ಚಿಕೊಳ್ಳುತ್ತಾನೆ, ಜಾಣ. ವಿಡಿಯೋದಲ್ಲಿ ಅವನ ಬೆನ್ನು ಮಾತ್ರ ಕಾಣುತ್ತದೆ. ಮುಖ ತೋರಿಸಬೇಕಾ ಬೇಡವಾ ಅಂತ ದೊಡ್ಡವನಾದ ಮೇಲೆ ಅವನೇ ಹೇಳಲಿ.

ಅವನಿಗೆ ಆಟಿಸಂ ಇದೆ, ಅಂದರೆ ಮಾತು, ಬೆರೆಯುವುದು ಬೆಳೆಯುವ ರೀತಿಯೇ ಬೇರೆ. ಥೆರಪಿಗೆಂದು ವಾರಕ್ಕೆ ಎರಡು ದಿನ ಮೈಸೂರಿಗೆ ಹೋಗುತ್ತೇವೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು.

ಎರಡು ವರ್ಷದವನಿದ್ದಾಗ ಹೆಸರು ಹಿಡಿದು ಕರೆದರೂ ತಿರುಗುತ್ತಿರಲಿಲ್ಲ. ಬಿಸ್ಕತ್ತು ಬೇಕಾದರೆ ಬೆರಳು ತೋರಿಸುತ್ತಿರಲಿಲ್ಲ. ನನ್ನ ಕೈ ಹಿಡಿದೆಳೆದು ಡಬ್ಬದ ಮೇಲೆ ಇಡುತ್ತಿದ್ದ. "ಗಂಡುಡುಗ್ರು ಮಾತು ತಡ ಕಣವ್ವ" ಎಂದರು ಅತ್ತೆ. ಅವರನ್ನು ಬಿಡಿ, ಒಬ್ಬ ಡಾಕ್ಟರೇ ಐದು ವರ್ಷದವರೆಗೆ ಕಾಯಿರಿ ಎಂದುಬಿಟ್ಟರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಣ್ಣು ತೆರೆಸಿದ್ದು ಅಂಗನವಾಡಿ. ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ತಂಡ ವರ್ಷಕ್ಕೆ ಎರಡು ಸಲ ಅಲ್ಲಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ, ದುಡ್ಡಿಲ್ಲ. ದಯವಿಟ್ಟು ಅವತ್ತು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಅವರು ಚೀಟಿ ಬರೆದುಕೊಟ್ಟರು, ಅಲ್ಲಿಂದ ನಮ್ಮ ಓಡಾಟ ಶುರುವಾಯಿತು.

ಥೆರಪಿ ಅಂದರೆ ಮಾತು ಕಲಿಸುವುದು ಅಂದುಕೊಂಡಿದ್ದೆ. ಮೊದಲ ದಿನ ಮೇಡಂ ಸೋಪಿನ ಗುಳ್ಳೆ ಊದಿದರು. ಆಮೇಲೆ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಅವನ ಕೈಗೆ ಕೊಟ್ಟು ಸುಮ್ನೆ ಕೂತರು. ಬಿಚ್ಚಿಕೊಡೋಣ ಅಂತ ನಾನು ಕೈ ಚಾಚಿದೆ. "ಅಮ್ಮಾ, ಸ್ವಲ್ಪ ತಡೀರಿ" ಎಂದರು. ನಾನು ಒಳಗೇ ಎಣಿಸಿದೆ. ಏಳು ಅನ್ನುವಾಗ ಅವನು ಡಬ್ಬಿಯನ್ನು ಅವರ ಮುಂದೆ ಹಿಡಿದು, ಮುಖ ನೋಡಿದ. ಅಷ್ಟೇ.

ಅಲ್ಲಿಯವರೆಗೆ ಅವನು ಕೇಳುವ ಮೊದಲೇ ನಾನು ಎಲ್ಲ ಕೊಟ್ಟುಬಿಡುತ್ತಿದ್ದೆ. ಅವನಿಗೆ ಕೇಳುವ ಸರದಿಯೇ ಬಂದಿರಲಿಲ್ಲ, ಪಾಪ. ಆ ಮುಕ್ಕಾಲು ಗಂಟೆಯಲ್ಲಿ ಅವನಿಗಿಂತ ಜಾಸ್ತಿ ನಾನೇ ಕಲಿತೆ.

ಕಾಗದಪತ್ರದ ಬಗ್ಗೆ ತುಂಬಾ ಜನ ಕೇಳುತ್ತೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಇದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಸರ್ಕಾರದ 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ.

ಈಗ ನಮ್ಮ ಅಡುಗೆಮನೆ ನೋಡಿ. ಫ್ರಿಡ್ಜ್ ಮೇಲೆ ಚಿತ್ರದ ಕಾರ್ಡುಗಳು: ನೀರಿನ ಲೋಟ, ಚಪ್ಪಲಿ, ಉಯ್ಯಾಲೆ, ಮಿಕ್ಸಿ. ಮಿಕ್ಸಿ ಸದ್ದು ಅವನಿಗೆ ತಡೆಯುವುದಿಲ್ಲ. ಆನ್ ಮಾಡುವ ಮೊದಲು ಆ ಕಾರ್ಡ್ ತೋರಿಸುತ್ತೇನೆ, ಅವನು ಹಿತ್ತಲಿಗೆ ಹೋಗುತ್ತಾನೆ. ಅದು ನಮ್ಮಿಬ್ಬರ ಒಪ್ಪಂದ.

ನಿನ್ನೆ ಚಟ್ನಿಗೆ ಕಾಯಿ ತುರಿದಿಟ್ಟು ನೋಡಿದರೆ ಕಾರ್ಡೇ ಇಲ್ಲ. ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಅಕ್ಕಿ ಡಬ್ಬದೊಳಗೆ ಸಿಕ್ಕಿತು, ತಳದಲ್ಲಿ. ಇವನು ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ.

ಮಿಕ್ಸಿ ಬೇಡ ಅಂದ ಹಾಗಾಯಿತಲ್ವಾ? ಕಾರ್ಡನ್ನು ಮತ್ತೆ ಅಕ್ಕಿಯೊಳಗೇ ಹೂತಿಟ್ಟೆ. ನಿನ್ನೆ ದೋಸೆಗೆ ಉಪ್ಪಿನಕಾಯಿ.