ಹೂಮಳೆಗೆ ಮೊದಲು ತೋಟ ಹಸಿರಾಗಿರುವುದಿಲ್ಲ

ನಮಸ್ಕಾರ. ಇವತ್ತು ಒಂದು ಫೋಟೊ ಬಗ್ಗೆ ಮಾತಾಡಬೇಕು. ತೆಗೆದದ್ದೂ ನಾನೇ, ಕೆಡಿಸಿದ್ದೂ ನಾನೇ.

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟ. ಮಾರ್ಚ್ ಕೊನೆ. ಇನ್ನೂ ಮಳೆ ಬಿದ್ದಿರಲಿಲ್ಲ. ಎಲೆಗಳು ಬಾಡಿ ಜೋತುಬಿದ್ದಿದ್ದವು, ಅಲ್ಲಲ್ಲಿ ಹಳದಿ. ಮನೆಗೆ ಬಂದು ಲೈಟ್‌ರೂಮ್ ಅನ್ನೋ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಹಳದಿಯನ್ನೆಲ್ಲ ಹಸಿರು ಮಾಡಿದೆ. ಎರಡು ನಿಮಿಷದ ಕೆಲಸ. ಫೋಟೊ ಚೆನ್ನಾಗಿಯೇ ಕಾಣುತ್ತಿತ್ತು. ತೋಟದ ಯಜಮಾನರಿಗೆ ಕಳಿಸಿದೆ. ಅವರು ಕೇಳಿದ್ದು ಇಷ್ಟೇ: "ಏನ್ರೀ, ಇದು ಹೋದ ವರ್ಷದ್ದಾ? ಈ ಸಲ ನಮ್ಮಲ್ಲಿ ಮಳೆನೇ ಬಿದ್ದಿಲ್ವಲ್ಲ."

ಆ ಮಾತು ನನ್ನನ್ನು ಬಿಡಲೇ ಇಲ್ಲ. ಅವರು ದಿನಾ ಆಕಾಶ ನೋಡಿಕೊಂಡು ಕಾಯುತ್ತಿದ್ದ ಮಳೆ ಅದು. ಆ ಒಣಗಿದ ದಿನಗಳನ್ನೇ ನಾನು ಅಳಿಸಿಬಿಟ್ಟಿದ್ದೆ.

ಕಾಫಿ ಮೊಗ್ಗು ಮಳೆಗಾಗಿ ಕಾದು ಕೂತಿರುತ್ತದೆ. ಬೇಸಿಗೆಯ ಒಂದು ಒಳ್ಳೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗುಡ್ಡಕ್ಕೆ ಗುಡ್ಡವೇ ಬಿಳಿಯಾಗುತ್ತದೆ, ಮಲ್ಲಿಗೆಯಂಥ ಘಮ. ಎರಡು ಮೂರು ದಿನದಲ್ಲಿ ಹೂ ಕಂದಾಗುತ್ತದೆ. ಹೂ ಅರಳಿಸುವ ಆ ಮಳೆಯನ್ನು ನಮ್ಮ ಕಡೆ ಹೂಮಳೆ ಅನ್ನುತ್ತಾರೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಅಂದರೆ ತೋಟದವರು ಹೂವಿನ ಫೋಟೊ ನೋಡಿದರೆ ಮಳೆ ಯಾವಾಗ ಬಿತ್ತು ಅಂತ ಲೆಕ್ಕ ಹಾಕಬಲ್ಲರು. ಎಲೆಯ ಬಣ್ಣವೂ ಅವರಿಗೆ ಒಂದು ಸುದ್ದಿ.

ಎಡಿಟಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು. ಮಧ್ಯಾಹ್ನದ ಬಿಸಿಲಲ್ಲಿ ಕಾಫಿ ಹೂವಿನ ಬಿಳುಪು ಕ್ಯಾಮೆರಾದಲ್ಲಿ ಸುಟ್ಟುಹೋಗುತ್ತದೆ, ಎಸಳು ಎಸಳಾಗಿ ಕಾಣುವುದೇ ಇಲ್ಲ. ಅದಕ್ಕೇ ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಸೆನ್ಸರ್ ಕಂಡದ್ದನ್ನು ಹೆಚ್ಚುಕಮ್ಮಿ ಹಾಗೇ ಉಳಿಸುವ ಫೈಲ್‌ನಲ್ಲಿ ತೆಗೆಯಿರಿ. ಮಾಮೂಲಿ ಫೋಟೊ ಫೈಲ್ ಆದ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾ ಫೈಲ್‌ನಲ್ಲಿ 16,384. ಕ್ಯಾಮೆರಾ ಒಳಗೆ ಸ್ವಲ್ಪ ಕಮ್ಮಿ ಬೆಳಕು ಬಿಟ್ಟು ತೆಗೆದುಕೊಂಡರೆ ಕಣ್ಣು ಕಂಡದ್ದನ್ನು ಆಮೇಲೆ ವಾಪಸ್ ತರಬಹುದು. 2022ರಲ್ಲಿ ಮುಳ್ಳಯ್ಯನಗಿರಿ ಕಡೆ ಕುರಿಂಜಿ ಹೂ ಅರಳಿದಾಗ, ಆ ನೀಲಿ ನೇರಳೆಯನ್ನು ಒಂದೊಂದು ಫೋನ್ ಒಂದೊಂದು ಥರ ತೋರಿಸಿತು. ಅದನ್ನು ಗುಡ್ಡದ ಮೇಲೆ ನೋಡಿದ ಬಣ್ಣಕ್ಕೆ ಸರಿ ಮಾಡುವುದು ಪ್ರಾಮಾಣಿಕ ಕೆಲಸವೇ ಅಲ್ವಾ?

ಆದರೆ ಸುಮ್ನೆ ಜಾಸ್ತಿ ಲೈಕ್ ಬರಲಿ ಅಂತ ಮಂಜು ಒರೆಸಿ ಕೆಂಪು ಆಕಾಶ ಅಂಟಿಸುವುದು ಬೇರೆ. ಹಾಸನದ ಶೆಟ್ಟಿಹಳ್ಳಿ ಚರ್ಚ್ ನೋಡಿ. ಹೇಮಾವತಿ ನದಿಯ ಗೊರೂರು ಅಣೆಕಟ್ಟಿನ ಹಿನ್ನೀರು ಏರಿದಾಗ ಅದು ನೀರಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಅದರ ಸುತ್ತ ನಡೆದಾಡಬಹುದು. ಬೇಸಿಗೆಯ ಫೋಟೊಗೆ ನೀರು ಸೇರಿಸಿದರೆ ಹೇಮಾವತಿ ಬಗ್ಗೆಯೇ ಸುಳ್ಳು ಹೇಳಿದ ಹಾಗೆ.

ನಾನು ಆ ಹಳದಿ ಎಲೆಗಳನ್ನು ಮತ್ತೆ ಹಳದಿ ಮಾಡಿ ಯಜಮಾನರಿಗೆ ಕಳಿಸಿದೆ. ಕೆಳಗೆ ತಾರೀಖು ಬರೆದು, "ಮಳೆಗೆ ಮೊದಲು" ಅಂತ ಸೇರಿಸಿದೆ. ನಿಮ್ಮ ಹತ್ತಿರ 2022ರ ಕುರಿಂಜಿ ಫೋಟೊ ಇದ್ದರೆ, ಎಡಿಟ್ ಮಾಡಿದ್ದು ಏನಾದರೂ ಆಗಲಿ, ಮೂಲ ಫೈಲ್ ಮಾತ್ರ ಅಳಿಸಬೇಡಿ. ಆ ಹೂ ವರ್ಷಾ ವರ್ಷಾ ಬರುವುದಿಲ್ಲ.